ಇಲಿಗಳು ಕಲಿಸಿದ ಇಪ್ಪತ್ತರ ಲೆಕ್ಕ

ಇಲಿಗಳಿಗೆ ಯಾರೂ ರೋಗಾಣು ಚುಚ್ಚಿರಲಿಲ್ಲ. ಕೊಟ್ಟದ್ದು ಕಾರ್ಟಿಸೋನ್ ಎಂಬ ಸ್ಟೀರಾಯ್ಡ್. ಆದರೂ ಕೆಲವು ವಾರಗಳಲ್ಲಿ ಅವು ಸೊರಗಿ ಏದುಸಿರು ಬಿಡತೊಡಗಿದವು. ಶ್ವಾಸಕೋಶ ಕೊಯ್ದು ನೋಡಿದರೆ ಗಾಳಿಚೀಲಗಳ ತುಂಬ ನೊರೆಯಂಥ ದ್ರವ, ಅದರಲ್ಲಿ ನ್ಯುಮೋಸಿಸ್ಟಿಸ್ ಎಂಬ ರೋಗಾಣು. ಅಮೆರಿಕದ ಫ್ರೆಂಕೆಲ್ ಮತ್ತು ಸಂಗಡಿಗರು 1966ರಲ್ಲಿ ಇದನ್ನು ವರದಿ ಮಾಡಿದರು. ರೋಗಾಣು ಮೊದಲೇ ಒಳಗೆ ಮುದುರಿ ಕುಳಿತಿತ್ತು. ಸ್ಟೀರಾಯ್ಡ್ ಕಾವಲುಗಾರನನ್ನು ಮಲಗಿಸಿತ್ತು, ಅಷ್ಟೆ.

ಈ ಜೀವಿಯನ್ನು 1909ರಲ್ಲೇ ಬ್ರೆಜಿಲ್‌ನ ಕಾರ್ಲೋಸ್ ಶಾಗಸ್ ಕಂಡಿದ್ದರು, ಆದರೆ ಬೇರೊಂದು ಪರೋಪಜೀವಿಯ ಒಂದು ಹಂತವೆಂದು ಭಾವಿಸಿದರು. ಮನುಷ್ಯರ ಗೊಡವೆಗೆ ಅದು ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ಯುರೋಪಿನ ಅನಾಥಾಲಯಗಳ ಬಡಕಲು ಕೂಸುಗಳ ನ್ಯುಮೋನಿಯಾದಲ್ಲಿ. 1952ರಲ್ಲಿ ಈ ನ್ಯುಮೋನಿಯಾಕ್ಕೂ ಆ ಜೀವಿಗೂ ನಂಟು ಜೋಡಿಸಿ ತೋರಿಸಿದ ಜೆಕ್ ವಿಜ್ಞಾನಿ ಓಟೊ ಯಿರೊವೆಟ್ಸ್ ಅವರ ಹೆಸರನ್ನೇ ಇಂದು ಮನುಷ್ಯರಲ್ಲಿನ ನ್ಯುಮೋಸಿಸ್ಟಿಸ್ ಹೊತ್ತಿದೆ. ಅದು ಶಿಲೀಂಧ್ರ ಎಂದು ಗೊತ್ತಾದದ್ದಂತೂ 1988ರಲ್ಲಿ.

ಅತ್ತ 1948ರಲ್ಲಿ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್, ಸಂಧಿವಾತದಿಂದ ನರಳುತ್ತಿದ್ದ ಮಹಿಳೆಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ಕ್ಕೆ ನೊಬೆಲ್ ಬಂತು. ನೋವು ಇಳಿಸುವ ಔಷಧಿಯೇ ದೇಹದ ಕಾವಲನ್ನೂ ಇಳಿಸುತ್ತದೆ ಎಂಬುದು ಆ ಸಂಭ್ರಮದಲ್ಲಿ ಸ್ವಲ್ಪ ಹಿಂದೆ ಸರಿಯಿತು.

ಈ ನ್ಯುಮೋನಿಯಾ ತಡೆಯುವ ದಾರಿ ಸಿಕ್ಕಿದ್ದು ಅಮೆರಿಕದ ಮೆಂಫಿಸ್‌ನಲ್ಲಿ. ಕ್ಯಾನ್ಸರ್ ಇದ್ದ 160 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ವಾಲ್ಟರ್ ಹ್ಯೂಸ್ ತಂಡ ಕೋ-ಟ್ರೈಮೋಕ್ಸಜೋಲ್ ಎಂಬ ಅಗ್ಗದ ಸಲ್ಫಾ ಗುಳಿಗೆ ಕೊಟ್ಟಿತು. 1977ರಲ್ಲಿ ಲೆಕ್ಕ ಹೊರಬಿತ್ತು: ಹುಸಿಗುಳಿಗೆ ನುಂಗಿದ 80 ಮಕ್ಕಳಲ್ಲಿ 17 ಮಂದಿಗೆ ಈ ನ್ಯುಮೋನಿಯಾ, ಸಲ್ಫಾ ನುಂಗಿದವರಲ್ಲಿ ಒಬ್ಬರಿಗೂ ಇಲ್ಲ.

ಹಾಗಾದರೆ ಯಾರಿಗೆ ಕೊಡಬೇಕು? 1996ರಲ್ಲಿ ಮೇಯೊದ ವೈದ್ಯರು ಏಡ್ಸ್ ಇಲ್ಲದೆಯೂ ಈ ನ್ಯುಮೋನಿಯಾ ಬಂದಿದ್ದ 116 ರೋಗಿಗಳ ಕಡತ ತಿರುವಿದರು. ಶೇ 90ರಷ್ಟು ಮಂದಿ ಹಿಂದಿನ ತಿಂಗಳಲ್ಲಿ ಸ್ಟೀರಾಯ್ಡ್ ನುಂಗಿದ್ದವರೇ. ಇಂಥ ಕಡತಗಳಿಂದಲೇ ಇಂದಿನ ರೂಢಿ ಬೆಳೆಯಿತು: ದಿನಕ್ಕೆ 20 ಮಿ.ಗ್ರಾಂ. ಅಥವಾ ಹೆಚ್ಚು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, 4 ವಾರ ಅಥವಾ ಹೆಚ್ಚು, ಜೊತೆಗೆ ಇನ್ನೊಂದು ದೌರ್ಬಲ್ಯ ಇದ್ದರೆ ತಡೆಗುಳಿಗೆ. ರಕ್ತದ ಕ್ಯಾನ್ಸರ್, ಅಂಗ ಕಸಿ, ಸೈಕ್ಲೊಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್‌ನಂಥ ಔಷಧಿ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕುಸಿದ ಎಣಿಕೆ, ಹೀಗೆ ಯಾವುದಾದರೂ.

ಇದನ್ನು ಲಕ್ಷ್ಮಣರೇಖೆ ಎಂದುಕೊಳ್ಳುವುದು ಮಾತ್ರ ತಪ್ಪು. ಅದೇ ಮೇಯೊ ಕಡತದಲ್ಲಿ ಕಾಲುಭಾಗ ಮಂದಿಯ ಡೋಸು 16 ಮಿ.ಗ್ರಾಂ. ದಾಟಿರಲಿಲ್ಲ. ಗುಳಿಗೆಯ ಮೇಲಿನ ಅಂಕಿಯೂ ಮೋಸ ಮಾಡುತ್ತದೆ. ಮಿದುಳಿನ ಗೆಡ್ಡೆಗೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬರೀ 3 ಮಿ.ಗ್ರಾಂ. ಇದ್ದರೂ ಅದು 20 ಮಿ.ಗ್ರಾಂ. ಪ್ರೆಡ್ನಿಸೋಲೋನಿಗೆ ಸಮ.

ರೋಗವೂ ಸದ್ದಿಲ್ಲದ್ದು. ಒಣಕೆಮ್ಮು, ಸಣ್ಣ ಜ್ವರ. ಮೊದಮೊದಲು ಎಕ್ಸ್‌ರೇ ಕೂಡ ಸರಿಯಾಗಿಯೇ ಕಾಣಬಹುದು. ಕೂತಾಗ ನೆಟ್ಟಗಿದ್ದ ಆಮ್ಲಜನಕದ ಅಂಕಿ ನಾಲ್ಕು ಹೆಜ್ಜೆ ನಡೆದರೆ ಜಾರುತ್ತದೆ. ಎಷ್ಟೋ ಸಲ ಅದು ಕಾಣಿಸಿಕೊಳ್ಳುವುದು ಸ್ಟೀರಾಯ್ಡ್ ಇಳಿಸುತ್ತಿರುವಾಗಲೇ, ಎಲ್ಲರೂ ನಿರಾಳರಾದ ಹೊತ್ತಿನಲ್ಲಿ.

ಮನೆಯಲ್ಲಿ ಯಾರಾದರೂ ತಿಂಗಳಾನುಗಟ್ಟಲೆ ಸ್ಟೀರಾಯ್ಡ್ ನುಂಗುತ್ತಿದ್ದರೆ ಹೆದರಿ ಗುಳಿಗೆ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸುವುದೇ ಪ್ರಾಣಕ್ಕೆ ಕುತ್ತಾಗಬಹುದು. ಚೀಟಿ ಹಿಡಿದುಕೊಂಡು ಹೋಗಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ, ತಡೆಗುಳಿಗೆ ಬೇಕೇ ಎಂದು ವೈದ್ಯರನ್ನು ಕೇಳಿ.