ತಂತ್ರಾಂಶ ಊಹಿಸಿಕೊಂಡ ಮನುಷ್ಯ

ಬ್ಯಾಂಕ್ ಖಾತೆ ತೆರೆಯುವಾಗ ನಡೆಯುವ ಇ-ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತನ್ನು ಆನ್‌ಲೈನ್‌ನಲ್ಲಿಯೇ ದೃಢಪಡಿಸಿಕೊಳ್ಳುವ ಕ್ರಮದಲ್ಲಿ, ಕ್ಯಾಮೆರಾದ ಎದುರಿಗಿರುವುದು ಫೋಟೊ ಅಲ್ಲ, ಜೀವಂತ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳಲು ಕಣ್ಣು ಮಿಟುಕಿಸಲು ಹೇಳುವ ವಾಡಿಕೆಯಿದೆ. ಆಸಿಡ್ ದಾಳಿಯಲ್ಲಿ ಮುಖ, ರೆಪ್ಪೆಗಳು ಸುಟ್ಟುಹೋದವರಿಗೆ ಅದು ಆಗದ ಮಾತು. ಅಂಧರಿಗಂತೂ ತಮ್ಮ ಮುಖವನ್ನು ಪರದೆಯ ಚೌಕಟ್ಟಿನೊಳಗೆ ಹೊಂದಿಸಿಕೊಳ್ಳುವುದೇ ಕಷ್ಟ. ಇಂಥವರ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಹೇಳಿ, 20 ನಿರ್ದೇಶನಗಳನ್ನೂ ನೀಡಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ತಂತ್ರಾಂಶ ರಚಿಸಿದವರ ದುರುದ್ದೇಶವನ್ನಲ್ಲ, ಏಕೆಂದರೆ ಅಂಥದ್ದೇನೂ ಇದ್ದಿರಲಾರದು. ಬೇಕಾಗಿದ್ದುದು ವ್ಯಕ್ತಿ ಜೀವಂತವಾಗಿದ್ದಾನೆ ಎಂಬ ಖಾತರಿ. ಕಣ್ಣು ಮಿಟುಕಿಸುವುದು ಅದಕ್ಕಿರುವ ಹಲವು ದಾರಿಗಳಲ್ಲಿ ಒಂದು. ಆ ಒಂದು ದಾರಿಯನ್ನೇ ಗುರಿಯೆಂದು ಭಾವಿಸಿ ಉಳಿದವನ್ನು ಮುಚ್ಚಿದ್ದರಿಂದ ತೊಡಕು ಹುಟ್ಟಿತು. ಬೇರೆ ಬೇರೆ ದೇಹಸ್ಥಿತಿ, ಭಾಷೆ, ವಯಸ್ಸು, ಬದುಕಿನ ಅನುಭವಗಳ ಜನರನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ತಂತ್ರಾಂಶವನ್ನು ರೂಪಿಸುವ ಕ್ರಮಕ್ಕೆ ಒಳಗೊಳ್ಳುವ ವಿನ್ಯಾಸವೆಂದು ಹೆಸರು. ಗುರಿಯನ್ನೂ ದಾರಿಯನ್ನೂ ಬೇರ್ಪಡಿಸಿ ನೋಡುವುದೇ ಅದರ ಮೊದಲ ಕೆಲಸ.

ಹೆಸರಿನ ಸಂಗತಿಯೂ ಹೀಗೆಯೇ. ಅನೇಕ ಅರ್ಜಿ ನಮೂನೆಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳಿದ್ದು, ಎರಡಕ್ಕೂ ಕಡ್ಡಾಯವೆಂಬ ನಕ್ಷತ್ರ ಚಿಹ್ನೆ ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿನ ರೂಢಿ ವ್ಯಾಪಕವಾಗಿರುವುದರಿಂದ ಅಲ್ಲಿ ತೊಂದರೆ ಕಡಿಮೆ. ಹಳೆ ಮೈಸೂರು ಭಾಗದಲ್ಲಿ ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇರುವವರು ಒಂದು ಕಡೆ ಆ ಒಂದಕ್ಷರವನ್ನೇ ತುಂಬಿ, ಮತ್ತೊಂದು ಕಡೆ ಅದನ್ನು ಬಿಡಿಸಿ ಬರೆದು, ಮುಂದೆ ಎರಡು ದಾಖಲೆಗಳು ತಾಳೆಯಾಗದೆ ಕಚೇರಿಗಳಿಗೆ ಅಲೆಯುವಂತಾಗುತ್ತದೆ. ಬಹುತೇಕ ಕಡೆ ‘ಪೂರ್ಣ ಹೆಸರು’ ಎಂಬ ಒಂದೇ ಖಾನೆ ಸಾಕಾಗುತ್ತಿತ್ತು.

ಅಂಧರು ಬಳಸುವ ಸ್ಕ್ರೀನ್ ರೀಡರ್, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ. ಅದು ಅಕ್ಷರದ ಆಕಾರವನ್ನು ನೋಡುವುದಿಲ್ಲ, ಅದರ ಹಿಂದೆ ಕಡತದಲ್ಲಿ ಉಳಿದಿರುವ ಸಂಕೇತವನ್ನು ಓದುತ್ತದೆ. ಕನ್ನಡಕ್ಕೆ, ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 1991ರಿಂದಲೇ ಸ್ಥಾನವಿದ್ದರೂ, ‘ನುಡಿ’ ಮತ್ತು ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಲ್ಯಾಟಿನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದವು ಕಡತದಲ್ಲಿ ಇಂಗ್ಲಿಷಿನ ‘ಪಿ’ ಅಕ್ಷರದಿಂದ ಆರಂಭವಾಗಿ, ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಉಳಿದಿರುತ್ತದೆ. ಸ್ಕ್ರೀನ್ ರೀಡರ್ ಆ ಸಾಲನ್ನೇ ಗೊಣಗುತ್ತದೆ. ಅಂಥ ಫಾಂಟಿನಲ್ಲಿ ಸಿದ್ಧಪಡಿಸಿದ ಸುತ್ತೋಲೆ ಕಣ್ಣಿದ್ದವರಿಗೆ ಅಚ್ಚುಕಟ್ಟಾದ ಕನ್ನಡ, ಅಂಧ ಓದುಗರಿಗೆ ಬರಿಯ ಗದ್ದಲ. ಅದೇ ಪುಟದಲ್ಲಿ ಕನ್ನಡ ಪದವನ್ನು ಹುಡುಕಿದರೂ ಸಿಗುವುದಿಲ್ಲ ಎಂಬುದು ಕಣ್ಣಿದ್ದವರಿಗೂ ತಟ್ಟುವ ನಷ್ಟ. ಬರಹವನ್ನು ಯೂನಿಕೋಡ್‌ಗೆ ಬದಲಾಯಿಸಿದರೆ ಎರಡೂ ತೊಂದರೆಗಳು ನೀಗುತ್ತವೆ. ಒಬ್ಬರಿಗಾಗಿ ಮಾಡಿದ ತಿದ್ದುಪಡಿ ಎಲ್ಲರಿಗೂ ಒದಗುವುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ತಂತ್ರಾಂಶವನ್ನು ಯಾರ ಮೇಲೆ ಪರೀಕ್ಷಿಸಲಾಯಿತು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಜಾಯ್ ಬೂಲಮ್ವೀನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ ನೋಡಿ ಲಿಂಗ ಗುರುತಿಸುವ ವಾಣಿಜ್ಯ ತಂತ್ರಾಂಶಗಳು ತಿಳಿ ಮೈಬಣ್ಣದ ಪುರುಷರ ವಿಷಯದಲ್ಲಿ ಹೆಚ್ಚೆಂದರೆ ಶೇ 0.8ರಷ್ಟು ತಪ್ಪಿದರೆ, ಕಪ್ಪು ಮೈಬಣ್ಣದ ಮಹಿಳೆಯರಲ್ಲಿ ಶೇ 34.7ರವರೆಗೆ ತಪ್ಪಿದ್ದವು. ಸರಾಸರಿ ಅಂಕಿಯೊಂದನ್ನೇ ನೋಡಿದ್ದವರಿಗೆ ಈ ಅಂತರ ಕಾಣುತ್ತಲೇ ಇರಲಿಲ್ಲ.

ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ರೂಪುಗೊಂಡಿರುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ, ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರ ಬಣ್ಣವ್ಯತ್ಯಾಸ ಬೇಕೆನ್ನುತ್ತದೆ; ಇದನ್ನು ಯಂತ್ರವೇ ಅಳೆಯಬಲ್ಲದು. ಚಿತ್ರಕ್ಕೆ ವಿವರಣೆ ಇದೆಯೇ ಎಂಬುದನ್ನೂ ಅದು ಹೇಳಬಲ್ಲದು, ಆದರೆ ‘ಚಿತ್ರ 1’ ಎಂದು ಬರೆದು ಕೈತೊಳೆದುಕೊಂಡ ವಿವರಣೆಯಿಂದ ಯಾರಿಗೂ ಪ್ರಯೋಜನವಿಲ್ಲ ಎಂಬುದನ್ನು ಬಳಸುವವರೇ ಹೇಳಬೇಕು. ಆ್ಯಪ್ ಅಥವಾ ಜಾಲತಾಣವನ್ನು ಜನರ ಕೈಗೆ ಕೊಡುವ ಮುನ್ನ ನಡೆಯುವ ಬಳಕೆದಾರರ ಪರೀಕ್ಷೆಯಲ್ಲಿ ಅಂಧರನ್ನೂ ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿರುವುದು ಈ ಕಾರಣಕ್ಕೆ ಸರಿಯಾದ ಹೆಜ್ಜೆ. ಆದರೂ ಅದು ಕೆಲಸದ ಕೊನೆಯ ಹಂತ; ಕಣ್ಣು ಮಿಟುಕಿಸಲು ಹೇಳಬೇಕೆಂಬ ತೀರ್ಮಾನ ನಡೆಯುವುದು ಅದಕ್ಕಿಂತ ಬಹಳ ಮೊದಲು.