ಟರ್ಬೋಚಾರ್ಜರ್ ಕಾರುಗಳ ಎಂಜಿನ್ ತೈಲ

ಟರ್ಬೋಚಾರ್ಜರ್ ಅಳವಡಿಸಿದ ಕಾರುಗಳಲ್ಲಿ ಎಂಜಿನ್ ತೈಲವು ಚಲಿಸುವ ಭಾಗಗಳ ನಡುವಿನ ಘರ್ಷಣೆಯನ್ನು ತಗ್ಗಿಸುವುದರ ಜೊತೆಗೆ ಟರ್ಬೋಚಾರ್ಜರಿನ ಬೇರಿಂಗ್‌ಗಳನ್ನು ಆಧರಿಸುವ ಹಾಗೂ ತಂಪುಗೊಳಿಸುವ ಕೀಲೆಣ್ಣೆಯಾಗಿದೆ. ಆಡುಮಾತಿನಲ್ಲಿ ಇದನ್ನು ‘ಎಂಜಿನ್ ಆಯಿಲ್’ ಎನ್ನುತ್ತಾರೆ. ಸಾಮಾನ್ಯ ಎಂಜಿನ್ನಿಗಿಂತ ಟರ್ಬೋ ಎಂಜಿನ್ನಿನಲ್ಲಿ ತೈಲವು ಹೆಚ್ಚು ಶಾಖಕ್ಕೆ ಒಳಗಾಗುವುದರಿಂದ ಅದರ ಆಯ್ಕೆ, ಸ್ಥಿತಿ ಮತ್ತು ಬದಲಾವಣೆಯ ಅವಧಿ ಮಹತ್ವ ಪಡೆದಿವೆ. ತೈಲದ ಬಣ್ಣವನ್ನಾಗಲಿ, ಡಬ್ಬಿಯ ಮೇಲಿನ ದರ್ಜೆಯ ಅಂಕಿಯನ್ನಾಗಲಿ ಮಾತ್ರ ನೋಡಿ ಅದರ ಯೋಗ್ಯತೆಯನ್ನು ನಿರ್ಧರಿಸಲು ಸಾಧ್ಯವಿಲ್ಲ.

ಹಿನ್ನೆಲೆ

ಎತ್ತಿನ ಬಂಡಿಯ ಅಚ್ಚಿಗೆ ಹಚ್ಚುವ ಎಣ್ಣೆಗೆ ಕನ್ನಡದಲ್ಲಿ ‘ಕೀಲೆಣ್ಣೆ’ ಎಂಬ ಹೆಸರಿದೆ. ಹರಳೆಣ್ಣೆಯು ಇಂತಹ ಬಳಕೆಗೆ ಹೆಸರಾಗಿತ್ತು. ಆರಂಭದ ವಿಮಾನಗಳ ಮತ್ತು ಪಂದ್ಯದ ಕಾರುಗಳ ಎಂಜಿನ್‌ಗಳಲ್ಲಿಯೂ ಹರಳೆಣ್ಣೆ ಬಳಕೆಯಲ್ಲಿತ್ತು. ‘ಕ್ಯಾಸ್ಟ್ರಾಲ್’ ಎಂಬ ವ್ಯಾಪಾರನಾಮ ಹುಟ್ಟಿದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಈ ಎಣ್ಣೆಯ ಪದರ ಬಲವಾದದ್ದಾದರೂ ಶಾಖಕ್ಕೆ ಅದು ಬೇಗ ಅಂಟಾಗುತ್ತದೆ. ಮುಂದೆ ಖನಿಜ ತೈಲಗಳೂ ಅನಂತರ ಸಂಶ್ಲೇಷಿತ ತೈಲಗಳೂ ಅದರ ಸ್ಥಾನವನ್ನು ಪಡೆದವು.

ಟರ್ಬೋಚಾರ್ಜರಿನ ಮೂಲ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಕಾರುಗಳು ಟರ್ಬೋ ಎಂಜಿನ್ನಿನೊಂದಿಗೆ ಮಾರುಕಟ್ಟೆಗೆ ಬಂದವು. ಭಾರತದಲ್ಲಿ ಮಾರುತಿ ಸುಜುಕಿ ಬಲೆನೊ ಆರ್‌ಎಸ್ (2017), ಹ್ಯುಂಡೈ ಐ20 ಎನ್ ಲೈನ್ (2021), ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ (2022) ಮೊದಲಾದವು ಸಣ್ಣ ಟರ್ಬೋ ಪೆಟ್ರೋಲ್ ಎಂಜಿನ್ನಿನ ಚುರುಕು ಕಾರುಗಳು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಕ್ರಿಸ್ಟಾ ಟರ್ಬೋ ಡೀಸೆಲ್ ಎಂಜಿನ್ನಿಗೆ ಉದಾಹರಣೆಯಾಗಿದೆ.

ಟರ್ಬೋಚಾರ್ಜರಿನಲ್ಲಿ ತೈಲದ ಕೆಲಸ

ಎಂಜಿನ್ನಿನಿಂದ ಹೊರಬರುವ ಬಿಸಿ ಅನಿಲವು ಟರ್ಬೋಚಾರ್ಜರಿನ ಒಂದು ತುದಿಯ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತಾಗ ಹೆಚ್ಚು ಇಂಧನವನ್ನು ಉರಿಸಬಹುದಾದ್ದರಿಂದ ಸಣ್ಣ ಎಂಜಿನ್ನಿನಿಂದಲೂ ದೊಡ್ಡ ಶಕ್ತಿ ದೊರೆಯುತ್ತದೆ.

ಸಣ್ಣ ಕಾರುಗಳ ಟರ್ಬೋಚಾರ್ಜರಿನ ದಂಡವು ನಿಮಿಷಕ್ಕೆ 2 ಲಕ್ಷ ಸುತ್ತುಗಳವರೆಗೂ ತಿರುಗಬಲ್ಲದು. ಪೆಟ್ರೋಲ್ ಎಂಜಿನ್ನಿನ ಹೊರಹೋಗುವ ಅನಿಲದ ತಾಪಮಾನ 900 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಹೆಚ್ಚಿನ ಟರ್ಬೋಚಾರ್ಜರುಗಳಲ್ಲಿ ದಂಡವು ಲೋಹಕ್ಕೆ ತಾಗದೆ, ಒತ್ತಡದಲ್ಲಿ ಹರಿದು ಬರುವ ತೈಲದ ತೆಳುವಾದ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ತೈಲದ ಪೂರೈಕೆ ಕೆಲವೇ ಕ್ಷಣ ತಪ್ಪಿದರೂ ಬೇರಿಂಗ್ ಸವೆಯುತ್ತದೆ. ಬಳಿಕ ದಂಡ ಅಲುಗಾಡಿ ಚಕ್ರದ ಅಲಗುಗಳು ಗೋಡೆಗೆ ಉಜ್ಜುತ್ತವೆ.

ವೇಗವಾಗಿ ಓಡಿಸಿದ ಎಂಜಿನ್ನನ್ನು ತಟ್ಟನೆ ನಿಲ್ಲಿಸಿದಾಗ ತೈಲದ ಹರಿವು ನಿಲ್ಲುತ್ತದೆ. ಆದರೆ ಬಿಸಿ ಚಕ್ರದ ಶಾಖವು ದಂಡದ ಮೂಲಕ ಬೇರಿಂಗ್‌ವರೆಗೆ ಹರಿಯುತ್ತಲೇ ಇರುತ್ತದೆ. ಅಲ್ಲಿ ಉಳಿದ ತೈಲವು ಸುಟ್ಟು ಗಟ್ಟಿಯಾದ ಕರಿಯಾಗುತ್ತದೆ. ಈ ಕರಿ ಕ್ರಮೇಣ ತೈಲದ ಸಣ್ಣ ನಾಳಗಳನ್ನು ಕಟ್ಟುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಟರ್ಬೋಚಾರ್ಜರಿನ ಸುತ್ತ ನೀರು ಹರಿಯುವ ವ್ಯವಸ್ಥೆ ಇದ್ದು, ಕೆಲವುಗಳಲ್ಲಿ ಎಂಜಿನ್ ನಿಂತ ಮೇಲೂ ವಿದ್ಯುತ್ ಪಂಪು ಅದನ್ನು ಹರಿಸುತ್ತದೆ. ಆದರೂ ದೀರ್ಘ ವೇಗದ ಓಟದ ಬಳಿಕ ಒಂದೆರಡು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸುವುದು ಸುರಕ್ಷಿತ ರೂಢಿಯಾಗಿದೆ.

ಸ್ನಿಗ್ಧತೆಯ ದರ್ಜೆಗಳು

ತೈಲದ ಮಂದತೆಯನ್ನು ಸ್ನಿಗ್ಧತೆ ಎನ್ನುತ್ತಾರೆ. ಇದರ ದರ್ಜೆಗಳನ್ನು ಎಸ್‌ಎಇ ಸಂಸ್ಥೆಯ ಜೆ300 ಮಾನದಂಡವು ನಿಗದಿಪಡಿಸಿದೆ. 5ಡಬ್ಲ್ಯು-30 ಎಂಬ ದರ್ಜೆಯಲ್ಲಿ ‘ಡಬ್ಲ್ಯು’ ಅಕ್ಷರವು ಚಳಿಗಾಲವನ್ನು ಸೂಚಿಸುತ್ತದೆ. 5ಡಬ್ಲ್ಯು ತೈಲದಿಂದ ಎಂಜಿನ್ ಸುಲಭವಾಗಿ ತಿರುಗುವುದೇ ಎಂಬುದನ್ನು ಮೈನಸ್ 30 ಡಿಗ್ರಿಯಲ್ಲಿಯೂ 15ಡಬ್ಲ್ಯು ತೈಲವನ್ನು ಮೈನಸ್ 20 ಡಿಗ್ರಿಯಲ್ಲಿಯೂ ಪರೀಕ್ಷಿಸಲಾಗುತ್ತದೆ. ಎರಡನೆಯ ಅಂಕಿ ಬಿಸಿಯಾದ ತೈಲಕ್ಕೆ ಸಂಬಂಧಿಸಿದ್ದು. 100 ಡಿಗ್ರಿಯಲ್ಲಿ ‘30’ರ ತೈಲದ ಸ್ನಿಗ್ಧತೆ ಸೆಕೆಂಡಿಗೆ 9.3ರಿಂದ 12.5 ಚದರ ಮಿಲಿಮೀಟರಿನೊಳಗೆ, ‘40’ರದು 12.5ರಿಂದ 16.3ರೊಳಗೆ ಇರಬೇಕು.

ಟರ್ಬೋ ಎಂಜಿನ್ನಿಗೆ ಇನ್ನೊಂದು ಅಳತೆ ಹೆಚ್ಚು ಮುಖ್ಯವಾದುದು. 150 ಡಿಗ್ರಿ ಶಾಖದಲ್ಲಿ, ಬೇರಿಂಗಿನಲ್ಲಿರುವಂತಹ ತೀವ್ರ ಎಳೆತಕ್ಕೆ ಒಡ್ಡಿದಾಗ ತೈಲವು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದೇ ಆ ಅಳತೆ. ಇದನ್ನು ಎಚ್‌ಟಿಎಚ್‌ಎಸ್ ಸ್ನಿಗ್ಧತೆ ಎಂದು ಕರೆಯುತ್ತಾರೆ. ಎಸ್‌ಎಇ ನಿಯಮದಂತೆ ‘30’ರ ತೈಲಕ್ಕೆ ಇದು ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್ ಇದ್ದರೆ ಸಾಕು. ಆದರೆ ಯುರೋಪಿನ ಎಸಿಇಎ ಸಂಸ್ಥೆಯ ಸಿ3 ವರ್ಗದ ತೈಲಕ್ಕೆ ಕನಿಷ್ಠ 3.5 ಬೇಕು. ಆದ್ದರಿಂದ ‘5ಡಬ್ಲ್ಯು-30’ ಎಂದೇ ಮುದ್ರಿಸಿದ ಎರಡು ಡಬ್ಬಿಗಳ ತೈಲಗಳು ಬಿಸಿ ಬೇರಿಂಗಿನಲ್ಲಿ ಒಂದೇ ಬಗೆಯ ರಕ್ಷಣೆ ನೀಡಬೇಕೆಂದಿಲ್ಲ.

ಗುಣಮಟ್ಟದ ವರ್ಗಗಳು

ಅಮೆರಿಕದ ಎಪಿಐ ಸಂಸ್ಥೆ ಪೆಟ್ರೋಲ್ ಎಂಜಿನ್ನಿನ ತೈಲಗಳನ್ನು ಎಸ್‌ಎನ್ (2010), ಎಸ್‌ಎನ್ ಪ್ಲಸ್ (2018), ಎಸ್‌ಪಿ (2020) ಮುಂತಾಗಿ ವರ್ಗೀಕರಿಸಿದೆ. ಕೊನೆಯ ಎರಡು ವರ್ಗಗಳ ಹಿಂದೆ ಟರ್ಬೋ ಎಂಜಿನ್ನಿನದೇ ಒಂದು ತೊಂದರೆಯಿದೆ. ಸಿಲಿಂಡರಿನೊಳಕ್ಕೆ ನೇರವಾಗಿ ಇಂಧನ ಚಿಮ್ಮಿಸುವ ಟರ್ಬೋ ಎಂಜಿನ್ನನ್ನು ಕಡಿಮೆ ವೇಗದಲ್ಲಿ ಭಾರಕ್ಕೆ ಒಡ್ಡಿದಾಗ, ತೈಲ ಮತ್ತು ಇಂಧನ ಬೆರೆತ ಹನಿಗಳು ಕಿಡಿಗೆ ಮುನ್ನವೇ ಹೊತ್ತಿಕೊಳ್ಳಬಹುದು. ಆಗ ಉಂಟಾಗುವ ಒತ್ತಡ ಪಿಸ್ಟನ್ನನ್ನೇ ಒಡೆಯಬಲ್ಲದು. ತೈಲದಲ್ಲಿ ಸೇರಿಸುವ ಕ್ಯಾಲ್ಸಿಯಂ ಆಧಾರಿತ ಮಾರ್ಜಕಗಳು ಈ ಅಕಾಲ ದಹನವನ್ನು ಹೆಚ್ಚಿಸುತ್ತವೆ ಎಂದು ಕಂಡುಬಂದದ್ದರಿಂದ ಅವುಗಳ ಒಂದು ಪಾಲನ್ನು ಮೆಗ್ನೀಸಿಯಂ ಆಧಾರಿತ ಮಾರ್ಜಕಗಳಿಗೆ ಬದಲಾಯಿಸಲಾಯಿತು.

ಇದಲ್ಲದೆ ಕಾರು ತಯಾರಕರು ತಮ್ಮದೇ ಅನುಮೋದನೆಗಳನ್ನು ನೀಡುತ್ತಾರೆ. ಫೋಕ್ಸ್‌ವ್ಯಾಗನ್ನಿನ 502 00 ಮತ್ತು 508 00 ಎಂಬ ಎರಡು ಅನುಮೋದನೆಗಳಲ್ಲಿ ಎರಡನೆಯದು ತೆಳುವಾದ 0ಡಬ್ಲ್ಯು-20 ತೈಲಕ್ಕೆ ಸಂಬಂಧಿಸಿದ್ದು. ಮಂದ ತೈಲಕ್ಕೆಂದು ರೂಪಿಸಿದ ಹಳೆಯ ಎಂಜಿನ್ನಿಗೆ ಅದು ಹೊಂದುವುದಿಲ್ಲ. ತೆಳು ತೈಲಕ್ಕೆಂದೇ ರೂಪಿಸಿದ ಎಂಜಿನ್ನಿಗೆ ಮಂದ ತೈಲ ತುಂಬಿದರೆ ಇಂಧನದ ಖರ್ಚು ಏರುತ್ತದೆ, ತಣ್ಣಗಿರುವಾಗ ತೈಲ ತಡವಾಗಿ ತಲುಪುತ್ತದೆ. ಆದ್ದರಿಂದ ಆಯ್ಕೆಯ ಮೊದಲ ಆಧಾರ ಕಾರಿನ ಕೈಪಿಡಿಯಲ್ಲಿ ಹೇಳಿರುವ ಅನುಮೋದನೆಯಾಗಿದೆ. ದರ್ಜೆಯ ಅಂಕಿ, ತೈಲದ ಹೆಸರು ಮತ್ತು ಬೆಲೆ ಅನಂತರದವು.

ತೈಲ ಕೆಡುವ ಬಗೆ

ಶಾಖ: ಗಾಳಿಯ ಆಮ್ಲಜನಕದೊಡನೆ ಬಿಸಿ ತೈಲವು ವರ್ತಿಸಿ ಮಂದವೂ ಆಮ್ಲೀಯವೂ ಆಗುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಈ ಉತ್ಕರ್ಷಣದ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ನಿಯಮ.

ಇಂಧನ ಬೆರಕೆ: ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಆವಿಯಾಗದ ಪೆಟ್ರೋಲ್ ತೈಲಕ್ಕಿಳಿದು ಅದನ್ನು ತೆಳುವಾಗಿಸುತ್ತದೆ.

ನೀರು: ದಹನದಿಂದ ಹುಟ್ಟುವ ನೀರಾವಿಯು ಎಂಜಿನ್ ಸಾಕಷ್ಟು ಬಿಸಿಯಾಗದಿದ್ದರೆ ಒಳಗೇ ಹನಿಗಟ್ಟುತ್ತದೆ.

ಮಸಿ ಮತ್ತು ಧೂಳು: ಡೀಸೆಲ್ ಎಂಜಿನ್ನಿನ ಮಸಿ ಹಾಗೂ ಗಾಳಿ ಶೋಧಕವನ್ನು ದಾಟಿ ಬರುವ ಧೂಳು ಬೇರಿಂಗ್‌ಗಳನ್ನು ಸವೆಸುತ್ತವೆ.

ಸ್ಥಿತಿಯ ಪರೀಕ್ಷೆ

ತೈಲ ಕಪ್ಪಾಗುವುದು ಕೆಟ್ಟಿರುವುದರ ಗುರುತಲ್ಲ. ಮಾರ್ಜಕಗಳು ಕೊಳೆಯನ್ನು ಕರಗಿಸಿ ಹಿಡಿದಿಟ್ಟುಕೊಂಡಾಗಲೂ ತೈಲ ಕಪ್ಪಾಗುತ್ತದೆ. ಹೊಸ ತೈಲವು ಡೀಸೆಲ್ ಎಂಜಿನ್ನಿನಲ್ಲಿ ಬಹುಬೇಗ ಕಪ್ಪಾಗುವುದು ಸಹಜ. ಅಳತೆಕಡ್ಡಿಯಲ್ಲಿ ತೈಲದ ಮಟ್ಟ ತಾನಾಗಿ ಏರುವುದು, ಪೆಟ್ರೋಲಿನ ವಾಸನೆ, ಮುಚ್ಚಳದ ಒಳಗೆ ಹಾಲಿನಂತಹ ನೊರೆ ಇವು ಹೆಚ್ಚು ನಂಬಬಹುದಾದ ಸೂಚನೆಗಳು. ಶೋಧಕ ಕಾಗದದ ಮೇಲೆ ಒಂದು ಹನಿ ತೈಲ ಬಿಟ್ಟಾಗ ಮಸಿ ಸಮನಾಗಿ ಹರಡಿದರೆ ಕೊಳೆ ಹಿಡಿದಿಡುವ ಶಕ್ತಿ ಉಳಿದಿದೆ. ಅಂಚು ಕಟ್ಟಿದ ಕಡುಗಪ್ಪು ಚುಕ್ಕೆ ಉಳಿದರೆ ಆ ಶಕ್ತಿ ಕುಂದಿದೆ ಎಂದು ತಿಳಿಯಬಹುದು.

ಪ್ರಯೋಗಾಲಯದಲ್ಲಿ 100 ಡಿಗ್ರಿಯ ಸ್ನಿಗ್ಧತೆ, ಆಮ್ಲವನ್ನು ತಟಸ್ಥಗೊಳಿಸುವ ಉಳಿಕೆ ಸಾಮರ್ಥ್ಯ, ಇಂಧನದ ಪಾಲು ಮತ್ತು ಲೋಹಾಂಶಗಳನ್ನು ಅಳೆಯುತ್ತಾರೆ. ಕಬ್ಬಿಣ ಮತ್ತು ತಾಮ್ರದ ಏರಿಕೆ ಸವೆತವನ್ನು, ಸಿಲಿಕಾನ್ ಹೆಚ್ಚಾಗಿ ಧೂಳನ್ನು, ಸೋಡಿಯಂ ಅಥವಾ ಪೊಟ್ಯಾಸಿಯಂ ತಂಪುಕಾರಕ ದ್ರವದ ಸೋರಿಕೆಯನ್ನು ಸೂಚಿಸಬಹುದು. ಒಂದೇ ಪರೀಕ್ಷೆಗಿಂತ ಒಂದೇ ಕಾರಿನ ಅನುಕ್ರಮ ಪರೀಕ್ಷೆಗಳ ಹೋಲಿಕೆ ಹೆಚ್ಚು ಪ್ರಯೋಜನಕಾರಿ.

ಸ್ಥಳೀಯ ಸಂದರ್ಭ

ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂತಹ ಹೋಬಳಿ ಕೇಂದ್ರದ ಕಾರು ಎರಡು ವಿರುದ್ಧ ಬಗೆಯ ಓಟಕ್ಕೆ ಒಳಗಾಗುತ್ತದೆ. ದಿನನಿತ್ಯದ ಸಂಚಾರ ಹತ್ತಿರದ ಊರುಗಳಿಗೆ, ಮಣ್ಣಿನ ಹಾದಿಗಳಲ್ಲಿ, ಕಬ್ಬಿನ ಗಾಡಿಗಳ ಹಿಂದೆ ನಿಧಾನವಾಗಿ ಸಾಗುತ್ತದೆ. ಇಲ್ಲಿ ಧೂಳು, ಇಂಧನ ಬೆರಕೆ ಮತ್ತು ನೀರು ತೈಲದ ಶತ್ರುಗಳು. ಅದೇ ಕಾರು ಶ್ರೀರಂಗಪಟ್ಟಣದ ಕಡೆಗೆ ಹೋಗಿ, 2023ರ ಮಾರ್ಚ್ 12ರಂದು ಲೋಕಾರ್ಪಣೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಸೇರಿದರೆ ಗಂಟೆಗೆ 100 ಕಿಲೋಮೀಟರಿನ ಮಿತಿಯಲ್ಲಿ ಬಹುಹೊತ್ತು ಓಡುತ್ತದೆ. ಅಲ್ಲಿ ಶಾಖವೇ ಮುಖ್ಯ. ಹೆದ್ದಾರಿಯ ಬದಿಯ ಹೋಟೆಲಿನ ಮುಂದೆ ಒಮ್ಮೆಲೇ ಎಂಜಿನ್ ಆರಿಸುವುದು ಟರ್ಬೋಚಾರ್ಜರಿಗೆ ಹಿತವಲ್ಲ.

ಈ ಪ್ರದೇಶದಲ್ಲಿ ಹಿಮ ಬೀಳುವ ಚಳಿ ಇಲ್ಲದಿರುವುದರಿಂದ ಡಬ್ಲ್ಯು ಅಂಕಿಯ ಶೀತ ಪರೀಕ್ಷೆ ನೇರವಾಗಿ ನಿರ್ಣಾಯಕವಲ್ಲ. ಆದರೂ 0ಡಬ್ಲ್ಯು ಮತ್ತು 5ಡಬ್ಲ್ಯು ತೈಲಗಳು ಸಾಮಾನ್ಯವಾಗಿ ಸಂಶ್ಲೇಷಿತ ಮೂಲದವಾಗಿದ್ದು ಶಾಖವನ್ನು ಚೆನ್ನಾಗಿ ತಾಳುತ್ತವೆ.

ಇಂಧನದ ಬದಲಾವಣೆಯೂ ಗಮನಾರ್ಹ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಂಡ್ಯದ ಮುಖ್ಯ ಬೆಳೆಯಾದ ಕಬ್ಬು ಎಥನಾಲಿನ ಮೂಲಗಳಲ್ಲೊಂದು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ಅದು ನೀರಿನೊಡನೆ ಸುಲಭವಾಗಿ ಬೆರೆಯುತ್ತದೆ. ಆದ್ದರಿಂದ ಕಿರು ಓಟದ ಕಾರುಗಳಲ್ಲಿ ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿದರೆ ಬೆರೆತ ಇಂಧನ ಮತ್ತು ನೀರಿನ ಬಹುಪಾಲು ಆವಿಯಾಗಿ ಹೋಗುತ್ತದೆ. ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆಂದು ಬೇರೆ ಅವಧಿ ಹೇಳಿದ್ದರೆ ಧೂಳಿನ ದಾರಿ ಮತ್ತು ಕಿರು ಓಟಗಳಿಗೆ ಆ ಅವಧಿಯೇ ಅನ್ವಯಿಸುತ್ತದೆ. ಕಿಲೋಮೀಟರ್ ಕಡಿಮೆಯಾದರೂ ತಿಂಗಳುಗಳ ಮಿತಿ ಮೀರಬಾರದು.

ಬಳಸಿದ ತೈಲದ ವಿಲೇವಾರಿ

ಬಳಸಿದ ಎಂಜಿನ್ ತೈಲವನ್ನು ಗೆದ್ದಲು ಹಿಡಿಯದಂತೆ ಮರದ ಕಂಬಗಳಿಗೆ ಬಳಿಯುವ ವಾಡಿಕೆ ಹಳ್ಳಿಗಳಲ್ಲಿದೆ. ಇದರಲ್ಲಿ ಲೋಹಾಂಶಗಳೂ ದಹನದ ವಿಷಕಾರಿ ಶೇಷಗಳೂ ಇರುವುದರಿಂದ ಮಣ್ಣು, ಬಾವಿ ಮತ್ತು ನಾಲೆಯ ನೀರಿಗೆ ಸೇರಿದರೆ ಅಪಾಯಕಾರಿ. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ತೈಲವೂ ಸೇರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಂಗ್ರಹಿಸಿ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಿದರೆ ಅದನ್ನು ಶುದ್ಧೀಕರಿಸಿ ಮತ್ತೆ ಮೂಲ ತೈಲವನ್ನಾಗಿ ಮಾಡಬಹುದು.