ಅಯ್ಯನಾರನ ಮಣ್ಣಿನ ಕುದುರೆಗಳು

ತಮಿಳುನಾಡಿನ ಪುದುಕ್ಕೋಟ್ಟೈ, ಶಿವಗಂಗೈ ಸೀಮೆಗಳ ರಸ್ತೆಗಳಲ್ಲಿ ಸಂಚರಿಸುವ ಪ್ರಯಾಣಿಕನು, ಊರಿನ ಮನೆಗಳು ಹಿಂದುಳಿದು ಮರಗಳ ನೆರಳಿನಲ್ಲಿ ಸಾಲುಗಟ್ಟಿ ನಿಂತ ಮಣ್ಣಿನ ಕುದುರೆಗಳು ಕಣ್ಣಿಗೆ ಬಿದ್ದೊಡನೆ, ವಾಹನವನ್ನು ನಿಲ್ಲಿಸದೆ ಮುಂದೆ ಹೋಗಲಾರನು. ಗ್ರಾಮರಕ್ಷಕನಾದ ಅಯ್ಯನಾರನು ಇರುಳಿನಲ್ಲಿ ಸೀಮೆಯನ್ನು ಸುತ್ತಿ ಕಾಯಲೆಂದು ಭಕ್ತರು ಹರಕೆಯಾಗಿ ಒಪ್ಪಿಸಿದ ವಾಹನಗಳಿವು.

ಇವುಗಳ ನಿರ್ಮಾತೃಗಳು ವೇಳಾರ್ ಎಂಬ ಕುಂಬಾರರು. ಅನೇಕ ಗುಡಿಗಳಲ್ಲಿ ಪೂಜಾರಿಗಳೂ ಅವರೇ. ಉತ್ಸವಕ್ಕೆ ಮುನ್ನ ಊರವರು ಒಂದು ಹಿಡಿ ಮಣ್ಣನ್ನು ಕುಂಬಾರನ ಕೈಗಿತ್ತು ಕಾರ್ಯವನ್ನು ವಹಿಸುವರು. ಆತನು ಜೇಡಿಮಣ್ಣಿಗೆ ಮರಳನ್ನೂ ಭತ್ತದ ಹೊಟ್ಟನ್ನೂ ಬೆರೆಸಿ, ಟೊಳ್ಳಾದ ಕಾಲುಗಳನ್ನು ಮೊದಲು ನಿಲ್ಲಿಸಿ, ಅವು ಬಿಗಿದುಕೊಂಡ ಬಳಿಕ ಒಡಲನ್ನೂ, ಅನಂತರ ಕೊರಳನ್ನೂ ಶಿರಸ್ಸನ್ನೂ ಸಾವಕಾಶವಾಗಿ ಏರಿಸುತ್ತಾನೆ. ಅವಸರಪಟ್ಟರೆ ಹಸಿಮಣ್ಣಿನ ಭಾರಕ್ಕೆ ಎಲ್ಲವೂ ಕುಸಿಯುವುದು. ಬೆಂಕಿಯಲ್ಲಿ ಹೊಟ್ಟು ಉರಿದು ಉಳಿಸುವ ಸೂಕ್ಷ್ಮರಂಧ್ರಗಳು ಒಳಗಿನ ತೇವಕ್ಕೆ ಹಾದಿಯಾಗಿ, ಮೈ ಬಿರಿಯದಂತೆ ಕಾಪಾಡುತ್ತವೆ.

'ಪುರವಿ ಎಡುಪ್ಪು', ಅಂದರೆ ಕುದುರೆಗಳನ್ನು ಎತ್ತಿ ಒಯ್ಯುವ ಉತ್ಸವದಂದು, ಕುದುರೆಗಳಿಗೆ ಕಣ್ಣು ತೆರೆಯಿಸಿ, ಮೆರವಣಿಗೆಯಲ್ಲಿ ಹೊತ್ತೊಯ್ದು ಗುಡಿಯ ಬಳಿ ಇಳಿಸುವರು. ಆಮೇಲೆ ಮಳೆಬಿಸಿಲುಗಳೇ ಅವುಗಳ ಒಡೆಯರು: ಕಿವಿ ಮುರಿದರೆ ದುರಸ್ತಿಯಿಲ್ಲ, ಹಳೆಯವು ಮಣ್ಣಾಗುತ್ತಿರುವಾಗಲೇ ಹೊಸವು ಪಕ್ಕದಲ್ಲಿ ಬಂದು ನಿಲ್ಲುತ್ತವೆ. ಸಂಗ್ರಹಾಲಯದ ಗಾಜಿನ ಕಪಾಟಿಗಿಂತ ಈ ಉದಾಸೀನವೇ, ನನ್ನ ಮಟ್ಟಿಗೆ, ಕಲೆಗೆ ಹೆಚ್ಚು ಗೌರವವುಳ್ಳದ್ದು.

ಹೋಗುವುದಾದರೆ ತಮಿಳರ ಮಾಸಿ ಮಾಸದ ಮಖಾ ನಕ್ಷತ್ರದ ಹಬ್ಬದಂದು ಪುದುಕ್ಕೋಟ್ಟೈ ಸೀಮೆಯ ಕುಳಮಂಗಲಕ್ಕೆ ಹೋಗಿರಿ. ಅಲ್ಲಿಯ ಬೃಹದಶ್ವವು ಮಣ್ಣಿನದಲ್ಲ, ಗಾರೆಯದು. ಆದರೆ ಭಕ್ತರು ಅದಕ್ಕೆ ತೊಡಿಸುವ ಬಣ್ಣಬಣ್ಣದ ಕಾಗದದ ಹೂಮಾಲೆಗಳನ್ನು ಲಾರಿಗಳಲ್ಲಿ ಹೇರಿ ತರಬೇಕಾಗುತ್ತದೆ.